ಎಲ್ಲ ಬಿಟ್ಟು ಹೊರಟರೆ 'ನಿಜವಾದ ನಾನು' ಸಿಗುತ್ತಾನಾ?

ಪ್ರಶ್ನೆ: ಹತ್ತು ವರ್ಷದಿಂದ ಒಳ್ಳೆಯ ಕೆಲಸದಲ್ಲಿದ್ದೇನೆ. ಸಂಬಳ ಇದೆ, ಹೆಸರು ಇದೆ, ಮನೆಯವರಿಗೆ ಹೆಮ್ಮೆಯೂ ಇದೆ. ಆದರೆ ಒಳಗೆ ಏನೋ ಖಾಲಿ ಖಾಲಿ. ಈ ಓಟದಲ್ಲಿ ನಾನು ಯಾರು ಅನ್ನೋದೇ ಮರೆತುಹೋಗಿದೆ ಅನ್ನಿಸುತ್ತೆ. ಎಲ್ಲ ಬಿಟ್ಟು ಸ್ವಲ್ಪ ಕಾಲ ನನ್ನನ್ನು ನಾನು ಹುಡುಕಿಕೊಳ್ಳಲಾ? ಹೊರಗಿನ ಯಶಸ್ಸನ್ನೂ ಒಳಗಿನ ನೆಮ್ಮದಿಯನ್ನೂ ಒಟ್ಟಿಗೆ ಉಳಿಸಿಕೊಳ್ಳೋಕೆ ಆಗುತ್ತಾ?

ಉತ್ತರ: ಆಗುತ್ತೆ. ಬಿಟ್ಟು ಹೋಗಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಪ್ರತಿ ಸಲ 'ಅವಸರಪಟ್ಟು ಬಿಡಬೇಡಿ' ಅಂತ ಬರೆಯುತ್ತೇನೆ. ಪ್ರತಿ ಸಲ 'ಆದರೆ ನನ್ನ ವಿಷಯ ಬೇರೆ' ಅಂತ ಇನ್ನೊಂದು ಪತ್ರ ಬರುತ್ತೆ. ಹಾಗಾಗಿ ಈ ಸಲ ಪ್ರಶ್ನೆಯ ಬುಡದಲ್ಲಿ ಕೂತಿರುವ ನಂಬಿಕೆಯ ಬಗ್ಗೆಯೇ ಬರೆಯುತ್ತೇನೆ. ಅದನ್ನು ಕಿತ್ತು ಹಾಕದೆ ಏನು ಹೇಳಿದರೂ ಪ್ರಯೋಜನವಿಲ್ಲ ಅಂತ ನನಗೆ ಈಗ ಅರ್ಥವಾಗಿದೆ.

ಅದಕ್ಕೆ ಮೊದಲು ಎರಡು ಮಾತು. ಕೆಲಸದ ಜಾಗದಲ್ಲಿ ದಿನಾ ಅವಮಾನ ಮಾಡುತ್ತಿದ್ದರೆ, ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸುತ್ತಿದ್ದರೆ, ಆ ಕೆಲಸ ಬಿಡಿ. ಅದಕ್ಕೆ ಆತ್ಮಶೋಧನೆ ಅನ್ನೋ ಹೆಸರು ಬೇಕಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಅಂದರೆ ಮೊದಲು ವೈದ್ಯರನ್ನು ನೋಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಈ ಎರಡೂ ಅಲ್ಲದವರಿಗೆ ಮುಂದಿನ ಮಾತು.

ಆ ನಂಬಿಕೆ ಹೀಗಿದೆ. ನಮ್ಮೊಳಗೆ ಎಲ್ಲೋ ಒಬ್ಬ 'ನಿಜವಾದ ನಾನು' ಪೂರ್ತಿ ತಯಾರಾಗಿ ಕೂತಿದ್ದಾನೆ. ಅವನ ಮೇಲೆ ಕೆಲಸ, ಹುದ್ದೆ, ಹೆಸರು, ಜವಾಬ್ದಾರಿ ಅಂತ ಒಂದರ ಮೇಲೊಂದು ಹೊದಿಕೆ ಬಿದ್ದಿದೆ. ಅವನ್ನೆಲ್ಲ ಸರಿಸಿ ಒಬ್ಬರೇ ಕೂತರೆ ಅವನು ಕಾಣಿಸುತ್ತಾನೆ. ಏನು ಬೇಕು ಅಂತ ಸ್ಪಷ್ಟವಾಗಿ ಹೇಳುತ್ತಾನೆ. ಆಮೇಲೆ ಎಲ್ಲ ಸರಿಹೋಗುತ್ತೆ.

ಚಂದದ ಚಿತ್ರ. ಅದಕ್ಕೇ ಬಿಡೋಕೆ ಕಷ್ಟ. ಆದರೆ ಎಲ್ಲಿ ಮುಟ್ಟಿದರೂ ಇದು ನಿಲ್ಲುವುದಿಲ್ಲ.

ಒಳಗೆ ನೋಡಿಕೊಂಡರೆ ಎಲ್ಲ ಕಾಣುತ್ತೆ ಅನ್ನೋದನ್ನೇ ತೆಗೆದುಕೊಳ್ಳಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಕೇಳುತ್ತೇವೆ. ನಿಜ, ಬೇಡ. ಆದರೆ ಬೆನ್ನಿನ ಮೇಲಿನ ಹುಣ್ಣಿಗೆ? ನಮ್ಮ ಬಗ್ಗೆ ನಮಗೆ ಗೊತ್ತಿರಬೇಕಾದ ಎಷ್ಟೋ ಸಂಗತಿಗಳು ಬೆನ್ನಿನ ಕಡೆಗೇ ಇವೆ. ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಮೇಜಿನ ಮೇಲೆ ನಾಲ್ಕು ಜೊತೆ ಕಾಲುಚೀಲ ಸಾಲಾಗಿ ಇಟ್ಟರು. ನಾಲ್ಕೂ ಒಂದೇ ಥರ, ಒಂದು ಎಳೆಯೂ ವ್ಯತ್ಯಾಸ ಇಲ್ಲ. ಬಂದವರಿಗೆ 'ಇದರಲ್ಲಿ ಯಾವುದು ಚೆನ್ನಾಗಿದೆ' ಅಂತ ಕೇಳಿದರು. ಎಡಗಡೆಯ ಮೊದಲ ಜೊತೆಯನ್ನು ಶೇ 12 ಮಂದಿ ಆರಿಸಿದರು. ಬಲಗಡೆಯ ಕೊನೆಯದನ್ನು ಶೇ 40 ಮಂದಿ. ಅಂದರೆ ಆಯ್ಕೆಯಲ್ಲಿ ಜಾಗವೇ ದೊಡ್ಡ ಕೆಲಸ ಮಾಡಿತ್ತು. ಆದರೆ ಯಾಕೆ ಆರಿಸಿದಿರಿ ಅಂದಾಗ ಒಬ್ಬರೂ ಜಾಗದ ಹೆಸರು ಎತ್ತಲಿಲ್ಲ. 'ಬಲಗಡೆ ಇತ್ತು ಅಂತ ಏನಾದರೂ…' ಎಂದು ನೇರವಾಗಿ ಕೇಳಿದರೂ ಹೆಚ್ಚು ಕಡಿಮೆ ಎಲ್ಲರೂ ಇಲ್ಲ ಅಂದರು.

ಅವರು ಸುಳ್ಳು ಹೇಳಲಿಲ್ಲ. ಅದನ್ನು ಗಮನಿಸಿ. ತಮಗೆ ನಿಜ ಅನ್ನಿಸಿದ್ದನ್ನೇ ಹೇಳಿದರು. ಒಂದು ಜೊತೆ ಕಾಲುಚೀಲ ಯಾಕೆ ಇಷ್ಟವಾಯಿತು ಅನ್ನೋದೇ ನಮಗೆ ಸರಿಯಾಗಿ ತಿಳಿಯದಿದ್ದರೆ, 'ನನ್ನ ಜೀವನದ ಉದ್ದೇಶ ಏನು' ಅಂತ ಕಣ್ಣು ಮುಚ್ಚಿ ಕೂತು ಕೇಳಿದಾಗ ಬರುವ ಉತ್ತರವನ್ನು ಎಷ್ಟು ನಂಬೋದು?

ಇನ್ನು ಒಬ್ಬರೇ ಕೂರೋದು. ಅದೇ ವಿಲ್ಸನ್ ಮತ್ತು ಜೊತೆಗಾರರು 2014ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ನೆ ಕೂತಿರಬೇಕು. ಫೋನ್ ಇಲ್ಲ, ಓದೋಕೆ ಏನೂ ಇಲ್ಲ. ಬೇಕಾದರೆ ಒತ್ತೋಕೆ ಒಂದು ಗುಂಡಿ ಇದೆ, ಒತ್ತಿದರೆ ಸಣ್ಣ ಕರೆಂಟ್ ಶಾಕ್ ಹೊಡೆಯುತ್ತೆ. ದುಡ್ಡು ಕೊಟ್ಟಾದರೂ ಈ ಶಾಕ್ ತಪ್ಪಿಸಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಕನಿಷ್ಠ ಒಂದು ಸಲ ಗುಂಡಿ ಒತ್ತಿಕೊಂಡರು. ಅಭ್ಯಾಸವಿಲ್ಲದವರಿಗೆ ಏಕಾಂತ ಅಷ್ಟು ಕಷ್ಟ. ಧ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಕೂತು ಕಲಿತವರಿಗೆ ಅದರ ಬೆಲೆ ಗೊತ್ತು. ಹತ್ತು ವರ್ಷ ಒಂದೇ ಸಮ ಓಡಿದವರು ಇದ್ದಕ್ಕಿದ್ದ ಹಾಗೆ ಕೂತುಬಿಟ್ಟರೆ ಒಳಗಿನ ದನಿ ಕೇಳಿಸುತ್ತೆ ಅನ್ನೋದು ಮಾತ್ರ ತಪ್ಪು ಲೆಕ್ಕ.

ಮತ್ತೆ ಆ 'ತಯಾರಾಗಿ ಕೂತಿರುವವನು'. ಅವನು ಯಾವ ವಯಸ್ಸಿನವನು? 2013ರಲ್ಲಿ 19,000ಕ್ಕೂ ಜಾಸ್ತಿ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. 18ರಿಂದ 68ರ ತನಕ ಎಲ್ಲ ವಯಸ್ಸಿನವರೂ ಅದರಲ್ಲಿದ್ದರು. ಹಿಂದಿನ ಹತ್ತು ವರ್ಷದಲ್ಲಿ ತುಂಬ ಬದಲಾಗಿದ್ದೇನೆ ಅಂತ ಜನ ಒಪ್ಪುತ್ತಾರೆ. ಮುಂದಿನ ಹತ್ತು ವರ್ಷದಲ್ಲಿ ಅಷ್ಟೇನೂ ಬದಲಾಗೋದಿಲ್ಲ ಅಂದುಕೊಳ್ಳುತ್ತಾರೆ. ಇಪ್ಪತ್ತರವರೂ ಹಾಗೇ, ಐವತ್ತರವರೂ ಹಾಗೇ. ಈಗಿರುವ ನಾನೇ ಕೊನೆಯ ನಾನು ಅಂತ ಪ್ರತಿ ವಯಸ್ಸಿನಲ್ಲೂ ಅನ್ನಿಸುತ್ತೆ. ಹುಡುಕಿ ಹಿಡಿದರೂ ಅವನು ಅಲ್ಲೇ ನಿಂತಿರೋದಿಲ್ಲ, ನಡೆಯುತ್ತಲೇ ಇರುತ್ತಾನೆ.

ಇದನ್ನೆಲ್ಲ ದೂರದಿಂದ ನೋಡಿ ಹೇಳುತ್ತಿಲ್ಲ. 34ನೇ ವಯಸ್ಸಿನಲ್ಲಿ ನಾನೂ ಕೆಲಸ ಬಿಟ್ಟಿದ್ದೆ. ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದೆ. ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಮೊದಲ ವಾರ ಬರೀ ನಿದ್ದೆ. ಎರಡನೇ ವಾರ ಮೈಮನಸ್ಸು ಹಗುರವಾಯಿತು. ದಾರಿ ಸಿಕ್ಕಿತು ಅಂದುಕೊಂಡೆ. ನಿಜವಾಗಿ ಆಗಿದ್ದು ದಣಿವು ಕಳೆದಿದ್ದು, ಅಷ್ಟೆ. ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಹದಿನೈದು ದಿನದ ರಜೆ ಕೊಡುವ ಸುಖವನ್ನು ಹೊಸ ಬದುಕು ಅಂದುಕೊಳ್ಳುತ್ತಾರೆ.

ಮೂರನೇ ವಾರ ಹಳೆಯ ಸ್ನೇಹಿತರೊಬ್ಬರು ಫೋನ್ ಮಾಡಿ 'ನಿಮ್ಮ ಧೈರ್ಯ ಮೆಚ್ಚಲೇಬೇಕು' ಅಂದರು. ಎಷ್ಟು ಖುಷಿಯಾಯಿತು ಅಂದರೆ, ಅದೇ ಸಂಜೆ ಇನ್ನಿಬ್ಬರಿಗೆ ನಾನೇ ಫೋನ್ ಮಾಡಿ ಅದೇ ಕತೆ ಹೇಳಿದೆ. ಎರಡನೆಯವರಿಗೆ ಹೇಳುವಾಗ ಕತೆಗೆ ಸ್ವಲ್ಪ ಬಣ್ಣ ಸೇರಿತ್ತು. ಹೇಳಿ ಮುಗಿಸಿ, ಅವರು ಅದೇ ಮಾತು ಹೇಳಲಿ ಅಂತ ಫೋನ್ ಹಿಡಿದು ಕಾದೆ. ಆ ಕಾಯುವಿಕೆ ನನಗೆ ಚೆನ್ನಾಗಿ ಪರಿಚಯವಿತ್ತು. ಆಫೀಸಿನಲ್ಲಿ ವರದಿ ಕೊಟ್ಟು ಮೇಲಿನವರ ಮುಖ ನೋಡುತ್ತ ನಿಲ್ಲುತ್ತಿದ್ದೆನಲ್ಲ, ಅದೇ. ಆಫೀಸು ಬಿಟ್ಟು ಬಂದಿದ್ದೆ. ಮೆಚ್ಚುಗೆಗೆ ಕಾಯುವುದು ನನ್ನ ಜೊತೆಗೇ ಬಂದಿತ್ತು. ನಾಲ್ಕು ತಿಂಗಳ ಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದೆ.

ಬಿಟ್ಟು ಹೋಗದೆಯೂ ಒಳಗನ್ನು ನೋಡಿಕೊಂಡವರು ಎಷ್ಟು ಜನ ಬೇಕು? ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಭಂಡಾರದ ಹೊಣೆ ಹೊತ್ತಿದ್ದವರು. ಲೆಕ್ಕ, ಖಜಾನೆ, ರಾಜಕೀಯ ಎಲ್ಲದರ ನಡುವೆ ಕೂತವರು. 161ರಿಂದ 180ರ ತನಕ ರೋಮ್ ಆಳಿದ ಮಾರ್ಕಸ್ ಅರೀಲಿಯಸ್ ತನ್ನ ಜೊತೆ ತಾನೇ ಮಾತಾಡಿಕೊಂಡ ಟಿಪ್ಪಣಿಗಳಲ್ಲಿ ಕೆಲವನ್ನು ಬರೆದದ್ದು ಯುದ್ಧದ ಬಿಡಾರದಲ್ಲಿ. ತತ್ವಜ್ಞಾನಿ ಸ್ಪಿನೋಜಾ ಮಸೂರ ಉಜ್ಜುವ ಕೆಲಸ ಮಾಡುತ್ತಿದ್ದ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ತಾನಾಗಿ ಬಂದಾಗ ಬೇಡ ಅಂದ. ತನ್ನ ಯೋಚನೆಯ ಸ್ವಾತಂತ್ರ್ಯಕ್ಕೆ ತೊಂದರೆಯಾಗಬಹುದು ಅನ್ನಿಸಿತ್ತು. ಅವನು ಬೇಡ ಅಂದದ್ದು ಆ ಹುದ್ದೆಗೆ. ಲೋಕಕ್ಕೆ ಬೆನ್ನು ಹಾಕಲಿಲ್ಲ.

ಹಾಗಾದರೆ ಖಾಲಿತನ ಎಲ್ಲಿಂದ ಬರುತ್ತೆ? ನನಗೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತಿಳಿಸಿದ್ದು ಪುಟ್ಟ ಮಕ್ಕಳ ಮೇಲಿನ ಒಂದು ಅಧ್ಯಯನ. ಮಾರ್ಕ್ ಲೆಪರ್ ಮತ್ತು ಇನ್ನಿಬ್ಬರು 1973ರಲ್ಲಿ ಪ್ರಕಟಿಸಿದ್ದು. ಚಿತ್ರ ಬಿಡಿಸೋದು ಅಂದರೆ ಮೊದಲಿಂದಲೂ ಇಷ್ಟಪಡುತ್ತಿದ್ದ 3ರಿಂದ 5 ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 'ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ' ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳಲಿಲ್ಲ, ಬಿಡಿಸಿದ ಮೇಲೆ ಅದೇ ಪ್ರಮಾಣಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳು ತಮ್ಮ ಪಾಡಿಗೆ ಆಡುವಾಗ ನೋಡಿದರು. ಪ್ರಮಾಣಪತ್ರಕ್ಕೋಸ್ಕರ ಬಿಡಿಸಿದ ಮಕ್ಕಳು ಈಗ ಬೇರೆ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಮುಟ್ಟಿದರು.

ಇದನ್ನು ಹೇಳಿದಾಗಲೆಲ್ಲ ಜನ 'ನೋಡಿ, ಬಹುಮಾನವೇ ಕೆಟ್ಟದ್ದು' ಅನ್ನುತ್ತಾರೆ. ಅಲ್ಲ! ಎರಡನೇ ಗುಂಪನ್ನು ಮರೆಯಬೇಡಿ. ಆ ಮಕ್ಕಳಿಗೂ ಅದೇ ನಕ್ಷತ್ರ, ಅದೇ ರಿಬ್ಬನ್ ಸಿಕ್ಕಿತ್ತು. ಅವರ ಇಷ್ಟ ಒಂದು ಚೂರೂ ಕಮ್ಮಿ ಆಗಲಿಲ್ಲ. ಹಾಳು ಮಾಡಿದ್ದು ಕಾಗದವಲ್ಲ. 'ನಾನು ಇದನ್ನು ಆ ಕಾಗದಕ್ಕೋಸ್ಕರ ಮಾಡುತ್ತಿದ್ದೇನೆ' ಅನ್ನುವ ಭಾವ.

ನಿಮ್ಮ ಹುದ್ದೆ, ಸಂಬಳ, ಹೆಸರು ಆ ಕಾಗದ. ಅದನ್ನು ಹರಿದು ಹಾಕಬೇಕಾಗಿಲ್ಲ. ಚಿತ್ರ ಬಿಡಿಸೋದು ಯಾವಾಗ ನಿಂತಿತು ಅಂತ ನೋಡಬೇಕು. ಯಶಸ್ಸು ಒಂದು ತಟ್ಟೆಯಲ್ಲಿ, ಆತ್ಮ ಇನ್ನೊಂದು ತಟ್ಟೆಯಲ್ಲಿ ಅಂತ ತಕ್ಕಡಿ ಹಿಡಿದು ತೂಗುವವರಿಗೆ ಇದು ಹೊಳೆಯೋದೇ ಇಲ್ಲ. ಒಂದೇ ಕೆಲಸದಲ್ಲಿ ಎರಡೂ ಇರಬಹುದು, ಎರಡೂ ಇಲ್ಲದೆಯೂ ಹೋಗಬಹುದು.

ನೋಡೋದು ಹೇಗೆ? ನಾನು ಮಾಡಿದ್ದನ್ನು ಹೇಳುತ್ತೇನೆ. ಒಂದು ಪುಸ್ತಕ ಇಟ್ಟುಕೊಳ್ಳಿ. ಮಲಗುವ ಮುಂಚೆ ಎರಡೇ ಸಾಲು. ಇವತ್ತು ಗಡಿಯಾರ ನೋಡದೆ ಹೊತ್ತು ಹೋಗಿದ್ದು ಯಾವಾಗ? ಮನಸ್ಸು 'ಬೇಡ' ಅನ್ನುವಾಗ ಬಾಯಿ 'ಹೂಂ' ಅಂದಿದ್ದು ಎಲ್ಲಿ? ಯಾಕೆ ಅಂತ ಮಾತ್ರ ಬರೆಯಬೇಡಿ. ಕಾಲುಚೀಲ ನೆನಪಿದೆಯಲ್ಲ, 'ಯಾಕೆ' ಅಂದ ಕೂಡಲೇ ಮನಸ್ಸು ಕತೆ ಕಟ್ಟುತ್ತೆ. ಆದದ್ದನ್ನಷ್ಟೇ ಬರೆಯಿರಿ. ಮೂರು ವಾರ ತುಂಬುವ ತನಕ ಹಿಂದಿನ ಪುಟ ತಿರುವಿ ನೋಡಬೇಡಿ.

ಹೊಸ ಕೆಲಸದಲ್ಲಿ ಬಡ್ತಿ ಸಿಕ್ಕಿ ಒಂದು ವರ್ಷವಾಗಿತ್ತು, ಅದೇ ಹಳೆಯ ಖಾಲಿತನ ಮತ್ತೆ ಬಂದಿತ್ತು. ಆಗ ಬರೆದ 21 ಪುಟಗಳಲ್ಲಿ ಒಂಬತ್ತರಲ್ಲಿ ಒಂದೇ ಥರದ ಸಾಲು ಇತ್ತು. ಒಂದನ್ನು ಹಾಗೇ ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗಿ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಬಂದಳು. ಮೇಜಿನ ಮೇಲಿದ್ದ ಹಳೆಯ ಕಾಗದದ ಹಿಂಬದಿ ಪೆನ್ಸಿಲಿನಲ್ಲಿ ಮನೆ ಹಾಕಿ, ಒಂದೊಂದೇ ಅಂಕಿ ತುಂಬುತ್ತ ಹೋದೆ. ನಾಲ್ಕನೇ ಮನೆಗೆ ಬರುವಾಗ ಅವಳು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು 'ಓ, ಇದು ಎರಡು ಸಲ ಬಂದಿದೆ' ಅಂತ ತಾನೇ ಗೀಟು ಹಾಕಿದಳು. ನಲವತ್ತು ನಿಮಿಷ ಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಬಡ್ತಿ ಸಿಕ್ಕಾಗ ಹೊಸಬರಿಗೆ ಹೇಳಿಕೊಡುವ ಕೆಲಸ ನನ್ನ ಕೈಯಿಂದ ಹೋಗಿತ್ತು. ಹೋಗಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಮೇಲಿನವರ ಹತ್ತಿರ ಹೋಗಿ ವಾರಕ್ಕೆ ಎರಡು ಗಂಟೆ ಅದನ್ನು ವಾಪಸ್ ಕೊಡಿ ಅಂದೆ. ಅವರು ಆಶ್ಚರ್ಯಪಟ್ಟರು, ಕೊಟ್ಟರು. 'ಹೂಂ' ಅಂದ ಸಾಲುಗಳಲ್ಲಿ ಹೆಚ್ಚಿನವು ನಾಲ್ಕು ಜನ ನೋಡಲಿ ಅಂತ ಒಪ್ಪಿಕೊಂಡ ಸಭೆಗಳು. ಅವನ್ನು ಒಂದೊಂದಾಗಿ ಬಿಟ್ಟೆ. ಹುದ್ದೆ ಅದೇ, ಸಂಬಳ ಅದೇ. ಬೇರೆ ಏನೂ ಮಾಡಲಿಲ್ಲ.

'ಆಫೀಸಿನಲ್ಲಿ ಒಂಥರ, ಮನೆಯಲ್ಲಿ ಒಂಥರ ಇರ್ತೀನಿ, ಇದು ಮುಖವಾಡ ಅಲ್ವಾ' ಅಂತಲೂ ಕೇಳುತ್ತಾರೆ. ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ನಿಜವಾದ ನಾನು, ಸುಳ್ಳು ನಾನು ಅನ್ನುವ ಮಾತನ್ನು 1960ರಲ್ಲಿ ವಿವರವಾಗಿ ಬರೆದ ವೈದ್ಯ ಡೊನಾಲ್ಡ್ ವಿನಿಕಾಟ್ ಕೂಡ, ಆರೋಗ್ಯವಂತರಲ್ಲಿ ಈ 'ಸುಳ್ಳು ನಾನು' ಅಂದರೆ ಸಭ್ಯತೆ, ವಿನಯ, ನಾಲ್ಕು ಜನರ ಜೊತೆ ಇರುವ ರೀತಿ ಅಂತಲೇ ಹೇಳಿದ. ಮನಸ್ಸಿಗೆ ಬಂದದ್ದನ್ನೆಲ್ಲ ಮುಖದ ಮೇಲೆ ಹೇಳುವುದು ಪ್ರಾಮಾಣಿಕತೆ ಅಲ್ಲ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಿಲ್ಲ, ಕೇಳೋಕೆ ಸಂಕೋಚವಾಗುತ್ತೇನೋ. ಹೊಟ್ಟೆಕಿಚ್ಚಿನ ವಿಷಯ. ಅಸೂಯೆ, ಮತ್ಸರ, ಕರುಬು ಅಂತ ನಮ್ಮಲ್ಲಿ ಎಷ್ಟೊಂದು ಪದ ಇವೆ. ಎಲ್ಲವೂ ಬೈಗುಳದ ಹಾಗೇ ಕೇಳಿಸುತ್ತವೆ. ಡಚ್ ಭಾಷೆಯಲ್ಲಿ ಎರಡು ಬೇರೆ ಬೇರೆ ಪದ ಇವೆ. ಇನ್ನೊಬ್ಬರನ್ನು ಕೆಳಗೆ ಎಳೆಯಬೇಕು ಅನ್ನಿಸುವುದಕ್ಕೆ ಒಂದು, ನಾನೂ ಅಲ್ಲಿಗೆ ಏರಬೇಕು ಅನ್ನಿಸುವುದಕ್ಕೆ ಇನ್ನೊಂದು. ಈ ಎರಡನೆಯದನ್ನು ನಾನು ತುಂಬ ಗೌರವಿಸುತ್ತೇನೆ. 'ನನಗೆ ಏನು ಬೇಕು' ಅಂತ ಕೇಳಿದರೆ ಮನಸ್ಸು ದೊಡ್ಡ ದೊಡ್ಡ ಮಾತು ಹೇಳುತ್ತೆ. 'ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತೆ' ಅಂತ ಕೇಳಿ ನೋಡಿ, ಉತ್ತರ ಥಟ್ಟನೆ ಬರುತ್ತೆ. ಬಂದ ಮೇಲೆ ಇನ್ನೂ ಒಂದು ಕೇಳಿ. ಅವರಿಗೆ ಹಾರ ಹಾಕಿದ ಆ ಐದು ನಿಮಿಷ ಬೇಕಾ, ಬೆಳಗಿನಿಂದ ರಾತ್ರಿ ತನಕ ಅವರ ಪೂರ್ತಿ ದಿನ ಬೇಕಾ? ಬರೀ ಹಾರ ಬೇಕು ಅನ್ನಿಸಿದರೆ ಬಿಟ್ಟುಬಿಡಿ. ಅವರ ಮಾಮೂಲಿ ಒಂದು ಮಂಗಳವಾರ ಬೇಕು ಅನ್ನಿಸಿದರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ನನ್ನ ಹೊಟ್ಟೆಕಿಚ್ಚು ಯಾವ ದೊಡ್ಡ ಹುದ್ದೆಯವರ ಮೇಲೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ನನಗಿಂತ ಎರಡು ಮೆಟ್ಟಿಲು ಕೆಳಗಿನ ಹುದ್ದೆಯಲ್ಲಿದ್ದ ಹಿರಿಯರೊಬ್ಬರ ಮೇಲೆ ಇತ್ತು. ಅವರ ಮೇಜಿನ ಪಕ್ಕ ಯಾವಾಗಲೂ ಇನ್ನೊಂದು ಕುರ್ಚಿ ಇರುತ್ತಿತ್ತು, ಅದರಲ್ಲಿ ಯಾವಾಗಲೂ ಯಾರೋ ಒಬ್ಬರು ಏನನ್ನೋ ಕಲಿಯುತ್ತ ಕೂತಿರುತ್ತಿದ್ದರು. ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ನಾನು ಬೇಕಂತಲೇ ಆ ಕಡೆ ನೋಡುತ್ತಿರಲಿಲ್ಲ. ಈಗ ನನ್ನ ಮೇಜಿನ ಪಕ್ಕದಲ್ಲೂ ಒಂದು ಕುರ್ಚಿ ಹಾಕಿಸಿದ್ದೇನೆ.