ಡಾಕ್ಟರ್ ದಂಪತಿಯ ಹೆಸರಿನ ಪ್ರೊಫೆಸರ್ ಪೀಠ: ಆ ಹಣ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಅಮೆರಿಕದ ಮೆಡಿಕಲ್ ಕಾಲೇಜಿನ ವೈದ್ಯರೊಬ್ಬರ ಹೆಸರಿನ ಕೆಳಗೆ ಬೇರೆ ಇಬ್ಬರು ಡಾಕ್ಟರುಗಳ ಹೆಸರು, ಅದರ ಮುಂದೆ 'ಪ್ರೊಫೆಸರ್ ಆಫ್ ಪೀಡಿಯಾಟ್ರಿಕ್ಸ್' (ಮಕ್ಕಳ ವೈದ್ಯಶಾಸ್ತ್ರದ ಪ್ರೊಫೆಸರ್) ಎಂದಿತ್ತು. ವಿಚಾರಿಸಿದರೆ ಆ ಇಬ್ಬರು ಗಂಡ ಹೆಂಡತಿ, ದತ್ತಿ ಅವರ ಹೆಸರಿನದು ಎಂದು ಗೊತ್ತಾಯಿತು. ಆ ಹಣ ಈ ಪ್ರೊಫೆಸರಿಗೆ ಸಿಗುತ್ತದೆಯೇ?

ಉತ್ತರ: ಇಡಿಗಂಟಾಗಿ ಕೈಗೆ ಸಿಗುವುದಿಲ್ಲ. ಹಣ ವಿಶ್ವವಿದ್ಯಾಲಯದ ದತ್ತಿನಿಧಿಗೆ ಸೇರಿ ಷೇರು, ಬಾಂಡುಗಳಲ್ಲಿ ಹೂಡಿಕೆಯಾಗುತ್ತದೆ. ಅಸಲನ್ನು ಉಳಿಸಿಕೊಂಡು, ವರ್ಷಕ್ಕೆ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ದತ್ತಿ 30 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಶೇ. 4.5ರ ಲೆಕ್ಕದಲ್ಲಿ ವರ್ಷಕ್ಕೆ 1,35,000 ಡಾಲರ್ ಆಯಿತು. ದೊಡ್ಡ ಮೊತ್ತವೇ, ಆದರೆ ಅಲ್ಲಿನ ಹಿರಿಯ ತಜ್ಞವೈದ್ಯರೊಬ್ಬರ ಪೂರ್ತಿ ಸಂಬಳಕ್ಕೆ ಸಾಲುವಂಥದ್ದಲ್ಲ.

ಹಾಗಾದರೆ ಅದರಿಂದ ಆಗುವುದೇನು? ಅಲ್ಲಿ ಮೆಡಿಕಲ್ ಕಾಲೇಜಿನ ವೈದ್ಯರ ಸಂಬಳದ ಬಹುಪಾಲು ಹುಟ್ಟುವುದು ರೋಗಿಗಳನ್ನು ನೋಡುವುದರಿಂದ ಮತ್ತು ಸಂಶೋಧನಾ ಅನುದಾನದಿಂದ. ಪಾಠ ಮಾಡುವುದಕ್ಕೆ ಸಿಗುವುದು ಕಡಿಮೆ. ವಾರದಲ್ಲಿ ಒಂದು ದಿನ ಪ್ರಯೋಗಾಲಯದಲ್ಲಿ ಕೂತರೆ ಅಷ್ಟು ರೋಗಿಗಳ ವರಮಾನ ವಿಭಾಗಕ್ಕೆ ಖೋತಾ. ಆ ಕೊರತೆಯನ್ನು ತುಂಬಿಕೊಡುವುದು ಈ ದತ್ತಿ. ಅನುದಾನ ಕೊಡುವವರು ಇನ್ನೂ ನಂಬದ ಹೊಸ ಯೋಚನೆಯೊಂದನ್ನು ಪರೀಕ್ಷಿಸಿ ನೋಡುವುದಕ್ಕೆ, ಒಬ್ಬ ಸಹಾಯಕರನ್ನು ಇಟ್ಟುಕೊಳ್ಳುವುದಕ್ಕೆ ಕೂಡ ಇದರಿಂದಲೇ ಹಣ ಬರಬಹುದು. ಎಷ್ಟೋ ಕಡೆ ಕಾಲೇಜು ತಾನು ಮೊದಲೇ ಕೊಡುತ್ತಿದ್ದ ಸಂಬಳದ ಒಂದು ಪಾಲನ್ನು ದತ್ತಿಯ ಲೆಕ್ಕಕ್ಕೆ ಹಾಕಿ, ಉಳಿದದ್ದನ್ನು ಬೇರೆ ಕೆಲಸಕ್ಕೆ ಬಳಸುತ್ತದೆ. ಪ್ರೊಫೆಸರಿಗೆ ಸಂಬಳವೇನೂ ಏರುವುದಿಲ್ಲ, ಬಿರುದು ಮಾತ್ರ ಉದ್ದವಾಗುತ್ತದೆ!

ಷೇರುಪೇಟೆ ಬಿದ್ದಾಗ ಏನು ಗತಿ ಎಂಬ ಅನುಮಾನ ಬರುವುದು ಸಹಜ. ಹಲವು ವಿಶ್ವವಿದ್ಯಾಲಯಗಳು ಒಂದೇ ವರ್ಷದ ಮೌಲ್ಯ ನೋಡದೆ ಮೂರು ವರ್ಷಗಳ ಸರಾಸರಿ ಹಿಡಿಯುತ್ತವೆ. ಹಾಗಿದ್ದೂ 2008ರ ಕುಸಿತದಲ್ಲಿ ಎಷ್ಟೋ ನಿಧಿಗಳು ಮೂಲ ದಾನದ ಮೊತ್ತಕ್ಕಿಂತ ಕೆಳಗಿಳಿದವು. ಅಂಥ ನಿಧಿಯಿಂದಲೂ ವಿವೇಚನೆಯಿಂದ ಖರ್ಚು ಮಾಡಲು ಅವಕಾಶ ಕೊಡುವ ಮಾದರಿ ಕಾನೂನೊಂದು 2006ರಲ್ಲಿ ಸಿದ್ಧವಾಗಿತ್ತು. ಬಹುತೇಕ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಕೊಂಡಿವೆ.

ಇಂಥ ದತ್ತಿಯ ಪ್ರೊಫೆಸರ್ ಹುದ್ದೆಗೆ 'ಪೀಠ' ಎನ್ನುತ್ತಾರೆ. ಅದರಲ್ಲಿ ಯಾರು ಕೂರಬೇಕು ಎಂದು ತೀರ್ಮಾನಿಸುವುದು ಕಾಲೇಜು. ಮಕ್ಕಳ ಹೃದ್ರೋಗಕ್ಕೆ, ಕಣ್ಣಿಗೆ ಎಂದು ದಾನಿಗಳು ವಿಷಯ ಹೇಳಬಹುದು. ಮುಂದಿನ ಪ್ರೊಫೆಸರ್ ನನ್ನ ಅಳಿಯನೇ ಆಗಲಿ ಎನ್ನುವ ಹಾಗಿಲ್ಲ. ಹೆಸರಿರುವ ದಂಪತಿಯೇ ದಾನಿಗಳು ಎಂದೂ ಅಲ್ಲ. ಮಕ್ಕಳು, ಹಳೆಯ ವಿದ್ಯಾರ್ಥಿಗಳು, ಗುಣವಾದ ರೋಗಿಗಳು ಸೇರಿ ಹಣ ಕೂಡಿಸಿರಬಹುದು.

ಈ ಪದ್ಧತಿ ಹಳೆಯದು. ಮ್ಯಾಸಚೂಸೆಟ್ಸಿನ ಹಿಂಗಮ್ ಊರಿನ ವೈದ್ಯ ಎಜೆಕಿಯಲ್ ಹರ್ಸಿ 1770ರಲ್ಲಿ ತೀರಿಕೊಂಡಾಗ ಹಾರ್ವರ್ಡಿಗೆ 1000 ಪೌಂಡ್ ಬರೆದಿಟ್ಟಿದ್ದರು. ಅಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದೇ 1782ರಲ್ಲಿ. ಹನ್ನೆರಡು ವರ್ಷ ಹಣವೇ ಕಾಲೇಜಿಗಾಗಿ ಕಾದಿತ್ತು. ಅವರ ಪತ್ನಿ ಸಾರಾ ಕೂಡ ಮುಂದೆ ತಮ್ಮ ಹಣ ಸೇರಿಸಿದರು. ಆದರೆ ಸಾರಾ ಆ ಹೊತ್ತಿಗೆ ಮರುಮದುವೆಯಾಗಿ ಸಾರಾ ಡರ್ಬಿ ಆಗಿದ್ದರು, ಪೀಠ ಮಾತ್ರ ಇಂದಿಗೂ 'ಹರ್ಸಿ ಪ್ರೊಫೆಸರ್' ಪೀಠವೇ.

ಹೀಗೆ ಹೆಂಡತಿಯ ಹೆಸರು ಮರೆಯಾಗುವುದುಂಟು, ನೀವು ಕಂಡ ಜೋಡಿ ಹೆಸರಿಗೆ ಬೆಲೆಯಿರುವುದು ಇದಕ್ಕೇ ಎನ್ನುವುದು ನನ್ನ ಅಭಿಪ್ರಾಯ. ಕಾರ್ಲ್ ಕೋರಿ ಮತ್ತು ಗೆರ್ಟಿ ಕೋರಿಯವರನ್ನೇ ನೋಡಿ. ಇಬ್ಬರೂ 1920ರಲ್ಲಿ ಪ್ರಾಗ್‌ನಲ್ಲಿ ವೈದ್ಯ ಪದವಿ ಪಡೆದರು, ಅದೇ ವರ್ಷ ಮದುವೆಯಾದರು. ಒಂದೇ ಪ್ರಯೋಗಾಲಯದಲ್ಲಿ, ದೇಹ ತಾನು ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಅನ್ನು ಹೇಗೆ ಒಡೆದು ಬಳಸುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದರು. 1931ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದಾಗ ಕಾರ್ಲ್ ವಿಭಾಗದ ಮುಖ್ಯಸ್ಥರು, ಗೆರ್ಟಿ ಕಡಿಮೆ ಸಂಬಳದ ಸಂಶೋಧನಾ ಸಹಾಯಕಿ. ಆಕೆ ಪೂರ್ಣ ಪ್ರೊಫೆಸರ್ ಆದದ್ದು 1947ರಲ್ಲಿ, ಇಬ್ಬರಿಗೂ ನೊಬೆಲ್ ಬಂದ ವರ್ಷವೇ. ಪ್ರಬಂಧದಲ್ಲಿ ಜೊತೆಗಿದ್ದ ಹೆಸರುಗಳು ಹುದ್ದೆಯ ಪಟ್ಟಿಯಲ್ಲಿ ಜೊತೆಯಾಗಲು ಹದಿನಾರು ವರ್ಷ ಬೇಕಾಯಿತು. 'ಡಾಕ್ಟರ್ ಆಂಡ್ ಮಿಸೆಸ್' ಎಂದು ಬರೆಯುವ ಹಳೆಯ ರೂಢಿಯಲ್ಲಿ ಹೆಂಡತಿಯ ಪದವಿಯಷ್ಟೇ ಅಲ್ಲ, ಅವಳ ಸ್ವಂತ ಹೆಸರೂ ಮಾಯವಾಗುತ್ತಿತ್ತು. ಹೆಸರಿಡುವಾಗ ಇಬ್ಬರಿಗೂ 'ಡಾ.' ಇದೆಯೇ ಎಂದು ಕುಟುಂಬದವರು ಕರಡಿನಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಪೀಠ ಎನ್ನುವುದು ಬರೀ ಮಾತಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಪದಗ್ರಹಣದ ದಿನ ಪ್ರೊಫೆಸರಿನ ಕೊರಳಿಗೆ ರಿಬ್ಬನ್ನಿನ ಪದಕ ಹಾಕುತ್ತಾರೆ, ಕೆಲವು ಕಡೆ ಹೆಸರು ಕೆತ್ತಿಸಿದ ಮರದ ಕುರ್ಚಿಯನ್ನೇ ಕೊಡುತ್ತಾರೆ. ದಂಪತಿ ಬದುಕಿದ್ದರೆ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ. ಆಮೇಲೆ ಆ ಕುರ್ಚಿ ಕಚೇರಿಯ ಮೂಲೆ ಸೇರುತ್ತದೆ. ಬೆನ್ನಿಗೆ ಗಟ್ಟಿಯಾಗುತ್ತದೆಂದು ಅದರಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ.