ವಾಷಿಂಗ್ಟನ್ ಗಂಟಲಿಗೆ ಏನಾಗಿತ್ತು?

ಗಂಟಲು ನೋವು ಅಂತ ಬರುವವರಿಗೆ ಬಾಯಿ ತೆಗೆಸುವ ಮೊದಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಎಂಜಲು ನುಂಗೋಕೆ ಆಗ್ತಿದೆಯಾ? ‘ನೋವಾಗುತ್ತೆ ಡಾಕ್ಟ್ರೇ, ಆದ್ರೆ ಇಳಿಯುತ್ತೆ’ ಅಂದರೆ ಸಮಾಧಾನ. ‘ಇಳಿಯೋದೇ ಇಲ್ಲ’ ಅಂದರೆ, ಜೊತೆಗೆ ದನಿಯೂ ಬದಲಾಗಿದ್ದರೆ, ಕುರ್ಚಿಯಿಂದ ಎದ್ದುಬಿಡುತ್ತೇನೆ. ಕಿರಿಯ ಡಾಕ್ಟರುಗಳಿಗೆ ಇದನ್ನು ಹೇಳಿಕೊಡುವಾಗ ನಾನು ಎತ್ತಿಕೊಳ್ಳುವ ಕೇಸು 1799ರದ್ದು. ರೋಗಿ ಜಾರ್ಜ್ ವಾಷಿಂಗ್ಟನ್, ಅಮೆರಿಕದ ಮೊದಲ ಅಧ್ಯಕ್ಷ.

1797ರಲ್ಲಿ ಅಧಿಕಾರ ಬಿಟ್ಟು ವರ್ಜೀನಿಯಾದ ಪೊಟೊಮ್ಯಾಕ್ ನದಿ ದಂಡೆಯ ಮೌಂಟ್ ವರ್ನನ್ ಎಸ್ಟೇಟಿಗೆ ಮರಳಿದ್ದರು. ವಯಸ್ಸು 67, ಎತ್ತರದ ಗಟ್ಟಿ ಆಳು. ಹಲ್ಲು ಮಾತ್ರ ಒಂದೂ ಉಳಿದಿರಲಿಲ್ಲ. ಮರದ ಹಲ್ಲು ಕಟ್ಟಿಸಿಕೊಂಡಿದ್ದರು ಅನ್ನೋದು ಸುಮ್ನೆ ಕಟ್ಟುಕತೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಸೀಸ ಸೇರಿಸಿ ಮಾಡಿದ ಸೆಟ್ಟು ಅದು. 19ನೇ ವಯಸ್ಸಿನಲ್ಲಿ ಬಾರ್ಬಡೋಸ್‌ನಲ್ಲಿ ಸಿಡುಬು ಬಂದು ಬದುಕಿದವರು. 1777ರಲ್ಲಿ ತಮ್ಮ ಸೈನಿಕರಿಗೆ ಸಿಡುಬು ತಡೆಯುವ ಚುಚ್ಚು ಹಾಕಿಸಿದವರೂ ಅವರೇ. ವೈದ್ಯರನ್ನು ನಂಬುವ ಮನುಷ್ಯ.

ಡಿಸೆಂಬರ್ 12ರಂದು ಹಿಮ, ಆಲಿಕಲ್ಲು, ಮಳೆಯ ನಡುವೆ ಸುಮಾರು ಐದು ತಾಸು ಕುದುರೆ ಮೇಲೆ ತೋಟ ಸುತ್ತಿದರು. ಒದ್ದೆ ಬಟ್ಟೆಯಲ್ಲೇ ಊಟಕ್ಕೆ ಕುಳಿತರು. ಮರುದಿನ ಗಂಟಲು ನೋವು, ಸಂಜೆಗೆ ದನಿ ಒರಟು. ಏನಾದರೂ ತಗೊಳ್ಳಿ ಅಂತ ಕಾರ್ಯದರ್ಶಿ ಟೋಬಿಯಾಸ್ ಲಿಯರ್ ಹೇಳಿದರೆ, ಬಂದ ಹಾಗೇ ಹೋಗುತ್ತೆ ಬಿಡು ಅಂದರಂತೆ. (ಇಂಥ ಯಜಮಾನರು ಎಲ್ಲ ಮನೆಯಲ್ಲೂ ಇರ್ತಾರೆ, ಅಲ್ವಾ?) ನಸುಕಿನ ಎರಡು ಮೂರು ಗಂಟೆಗೆ ಉಸಿರು ಕಟ್ಟಿ ಎದ್ದರು. ಹೆಂಡತಿ ಮಾರ್ಥಾ ಯಾರನ್ನಾದರೂ ಕರೆಯಲು ಹೊರಟರೆ ಬೇಡ ಅಂದರು. ಆಕೆ ಈಗಷ್ಟೇ ನೆಗಡಿಯಿಂದ ಎದ್ದಿದ್ದಳು, ಚಳಿ ತಗಲೀತು ಎಂದು. ಬೆಳಗ್ಗೆ ಕೆಲಸದಾಕೆ ಬೆಂಕಿ ಹಚ್ಚಲು ಬರುವವರೆಗೂ ಹಾಗೇ ಕಳೆದರು.

ಕಾಕಂಬಿ, ವಿನೆಗರ್, ಬೆಣ್ಣೆ ಕಲಸಿ ಕೊಟ್ಟರು. ಒಂದು ತೊಟ್ಟೂ ಇಳಿಯಲಿಲ್ಲ, ನುಂಗಲು ಹೋಗಿ ಉಸಿರೇ ನಿಲ್ಲುವಂತಾಯಿತು. ನನ್ನ ಮಟ್ಟಿಗೆ ಕೇಸು ಇಲ್ಲೇ ಗೊತ್ತಾಗಿಬಿಡುತ್ತದೆ. ನಾಲಿಗೆಯ ಬುಡದಲ್ಲಿ, ಉಸಿರುನಾಳದ ಬಾಯಿಗೆ ಮುಚ್ಚಳದ ಹಾಗೆ ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಭಾಗ ಇದೆ. ಅದಕ್ಕೆ ಸೋಂಕು ತಗಲಿ ಊದಿಕೊಂಡರೆ ದಾರಿ ಕಿರಿದಾಗುತ್ತಾ ಹೋಗುತ್ತದೆ. ಅವರ ವೈದ್ಯರು ಬರೆದ ವಿವರ ಓದಿ ಈಗಿನ ಹಲವರು ಹೇಳುವುದೂ ಇದನ್ನೇ. ಆದರೆ ಅದು ಬಾಯಿ ತೆರೆದು ನೋಡಿದರೆ ಕಾಣುವ ಜಾಗವಲ್ಲ. ಕನ್ನಡಿ ಇಟ್ಟು ಧ್ವನಿಪೆಟ್ಟಿಗೆ ನೋಡುವ ಉಪಾಯವನ್ನು ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಕಂಡುಕೊಂಡದ್ದು 1854ರಲ್ಲಿ.

ಕಾಣದ್ದಕ್ಕೆ ಗೊತ್ತಿದ್ದ ಮದ್ದು ಮಾಡಿದರು. ಡಾಕ್ಟರ್ ಬರುವ ಮೊದಲೇ ಎಸ್ಟೇಟಿನ ಮೇಲ್ವಿಚಾರಕನ ಕೈಲಿ ರಕ್ತ ತೆಗೆಸಿಕೊಂಡರು. ಅವನ ಕೈ ನಡುಗುತ್ತಿದ್ದರೆ, ಹೆದರಬೇಡ, ಇನ್ನೂ ತೆಗಿ ಅಂದವರು ಸ್ವತಃ ರೋಗಿ. ಸಾಕು ಮಾಡಿ ಅಂದದ್ದು ಮಾರ್ಥಾ. ಆಮೇಲೆ ಹಳೆಯ ಗೆಳೆಯ ಡಾ. ಜೇಮ್ಸ್ ಕ್ರೇಕ್ ಬಂದು ಗಂಟಲ ಮೇಲೆ ಬೊಬ್ಬೆ ಏಳಿಸುವ ಮದ್ದು ಹಚ್ಚಿ, ಮತ್ತೆ ಮತ್ತೆ ರಕ್ತ ಹರಿಸಿದರು. ಒಟ್ಟು ಸುಮಾರು 80 ಔನ್ಸ್, ಅಂದರೆ ಎರಡು ಲೀಟರಿಗೂ ಜಾಸ್ತಿ. ಮೈಯ ರಕ್ತದ ಮೂರನೇ ಒಂದು ಭಾಗ! ಜೊತೆಗೆ ಭೇದಿ ಮದ್ದು ಬೇರೆ.

ಮಧ್ಯಾಹ್ನ ಬಂದ ಇಬ್ಬರಲ್ಲಿ ಎಲಿಷಾ ಡಿಕ್ ಚಿಕ್ಕವರು, 37 ವರ್ಷ. ಅವರಿಗೆ ಇರುವ ಶಕ್ತಿಯೂ ಬೇಕು, ಇನ್ನು ರಕ್ತ ತೆಗೆಯಬೇಡಿ ಅಂದರು. ಕತ್ತಿನ ಮುಂಭಾಗದಲ್ಲಿ ಉಸಿರುನಾಳಕ್ಕೇ ತೂತು ಮಾಡೋಣ, ಅಂದರೆ ಟ್ರೇಕಿಯಾಸ್ಟಮಿ ಮಾಡೋಣ ಅಂತಲೂ ಹೇಳಿದರು. ಹಿರಿಯರಿಬ್ಬರೂ ಒಪ್ಪಲಿಲ್ಲ. ಅವರನ್ನು ಬೈಯುವುದು ನನಗೆ ಸುಲಭವಲ್ಲ. ಅರಿವಳಿಕೆ ಇಲ್ಲದ ಕಾಲ, ಆ ಆಪರೇಷನ್ ಮಾಡಿ ಬದುಕಿಸಿದವರು ಲೋಕದಲ್ಲೇ ಬೆರಳೆಣಿಕೆ. ಕತ್ತರಿಸಬೇಕಾದದ್ದು ಯಾರ ಕತ್ತು ಅನ್ನೋದನ್ನೂ ನೆನಪಿಡಿ. ಆದರೆ ರಕ್ತದ ವಿಷಯದಲ್ಲಾದರೂ ಡಿಕ್ ಮಾತು ಕೇಳಬಹುದಿತ್ತು. ರಕ್ತ ಹರಿಸುವುದರ ದೊಡ್ಡ ಪ್ರತಿಪಾದಕ ಬೆಂಜಮಿನ್ ರಶ್. ತಮ್ಮ ಚಿಕಿತ್ಸೆಯನ್ನು ಹೀಯಾಳಿಸಿದ ಪತ್ರಕರ್ತ ವಿಲಿಯಂ ಕಾಬೆಟ್ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ಗೆದ್ದದ್ದು ಅದೇ ದಿನ, ಡಿಸೆಂಬರ್ 14ರಂದು.

ದಿನವಿಡೀ ಹಾಸಿಗೆಯ ಬಳಿ ನಿಂತೇ ಇದ್ದ ಗುಲಾಮ ಸೇವಕ ಕ್ರಿಸ್ಟೋಫರ್ ಶೀಲ್ಸ್‌ಗೆ ಕೂತ್ಕೋ ಎಂದರಂತೆ ವಾಷಿಂಗ್ಟನ್. ರಾತ್ರಿ ಹತ್ತು ದಾಟಿದ ಮೇಲೆ ಸಾಯುವ ಹತ್ತು ನಿಮಿಷ ಮೊದಲು ಉಸಿರಾಟ ಸಲೀಸಾಯಿತು, ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು ಎಂದು ಲಿಯರ್ ಬರೆದಿದ್ದಾರೆ. ಆ ಸಾಲನ್ನು ನಾನು ತರಗತಿಯಲ್ಲಿ ಎರಡು ಸಲ ಓದಿಸುತ್ತೇನೆ. ಉಸಿರಿಗೆ ಒದ್ದಾಡುತ್ತಿದ್ದ ರೋಗಿ ಇದ್ದಕ್ಕಿದ್ದಂತೆ ಶಾಂತವಾದರೆ ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಸ್ನಾಯುಗಳು ಸೋತು ಕೈಚೆಲ್ಲಿದ ಗುರುತು.

ಮರುದಿನ ಗೆಳೆಯ ವಿಲಿಯಂ ಥಾರ್ನ್‌ಟನ್ ಬಂದರು. ವೈದ್ಯಕೀಯ ಓದಿದವರು, ಅಮೆರಿಕದ ಸಂಸತ್ ಭವನದ ನಕ್ಷೆ ಬರೆದವರು. ದೇಹ ಬೆಚ್ಚಗೆ ಮಾಡಿ, ಉಸಿರುನಾಳಕ್ಕೆ ತೂತು ಮಾಡಿ ಗಾಳಿ ಊದೋಣ, ಕುರಿಮರಿಯ ರಕ್ತ ಕೊಡೋಣ ಅಂದರು. ಗಾಳಿಗೆ ದಾರಿ, ಹೋದ ರಕ್ತಕ್ಕೆ ಬದಲು ರಕ್ತ: ಹಿಂದಿನ ದಿನ ಬೇಕಾಗಿದ್ದದ್ದು ಆ ಎರಡೇ. ಅದಾಗಲೇ ದೇಹ ಹಿಮದಂತೆ ತಣ್ಣಗಾಗಿತ್ತು. ಮನೆಯವರು ಬೇಡ ಅಂದರು.