ಬಾವ್ಯಾಗ ಮುಳುಗೋ ಮುಂಚೆ ದಬದಬ ಉಸಿರು ತಗೊಂಡ್ರ ಜಾಸ್ತಿ ಹೊತ್ತು ಒಳಗ ಇರಬಹುದಾ?

ಮುಧೋಳ ಕಡೆಯಿಂದ ಒಬ್ಬ ತಾಯಿ ಕೇಳ್ಯಾರ: "ಸೂಟಿ ಬಿಟ್ಟಾಗಿಂದ ಮಗ ದಿನಾ ತ್ವಾಟದ ಬಾವಿಗೆ ಈಸಾಕ ಹೋಗ್ತಾನ್ರಿ, ಮುಳುಗೋಕಿಂತ ಮೊದಲ ಹದಿನೈದು ಇಪ್ಪತ್ತು ಸಲ ಜೋರಾಗಿ ಉಸಿರು ಎಳದು ಬಿಡ್ತಾನ, ಹಂಗ ಮಾಡಿದ್ರ ಆಕ್ಸಿಜನ್ ಸ್ಟಾಕ್ ಆಗ್ತೈತಿ, ತಳದಾಗಿನ ಕಲ್ಲು ತರಾಕ ಟೈಮ್ ಸಿಗ್ತೈತಿ ಅಂತಾನ. ಖರೇನ್ರಿ?"

ಜಾಸ್ತಿ ಹೊತ್ತು ಇರ್ತಾನ ಅನ್ನೋದು ಖರೆ. ಸ್ಟಾಕ್ ಆಗ್ತೈತಿ ಅನ್ನೋದು ಸುಳ್ಳ. ಮೊದಲ ಅದನ್ನ ನಿಲ್ಲಸ್ರಿ, ಯಾಕಂತ ಆಮ್ಯಾಲೆ ಓದ್ರಿ.

ನಾವೂ ಸಣ್ಣವರಿದ್ದಾಗ ಇದನ್ನ ಮಾಡೀವಿ. ತಲಿ ಹಗುರ ಅನಸ್ತಿತ್ತು, ತುಟಿ, ಬೆರಳತುದಿ ಜುಮ್ ಅಂತಿದ್ವು, ಓಹೋ ಆಕ್ಸಿಜನ್ ತುಂಬ್ತು ಅಂತ ಜಿಗೀತಿದ್ವಿ. ಆದ್ರ ಆರಾಮ ಇದ್ದ ಮನುಷ್ಯಾನ ರಕ್ತದಾಗ ಹಿಮೋಗ್ಲೋಬಿನ್ ಸುಮ್ಮ ಕುಂತಾಗನ 97-98 ಪರ್ಸೆಂಟ್ ಆಕ್ಸಿಜನ್ ತುಂಬಿಕೊಂಡಿರ್ತೈತಿ, ತುಂಬಿದ ಕೊಡಕ್ಕ ಇನ್ನೆಷ್ಟು ನೀರು ಹಾಕ್ತೀರಿ? ದಬದಬ ಉಸಿರಾಡಿದ್ರ ಒಳಗ ಬರೋದು ಭಾಳ ಏನಿಲ್ಲ, ಹೊರಗ ಹೋಗೋದು ಕಾರ್ಬನ್ ಡೈಆಕ್ಸೈಡ್, ಆ ಜುಮ್ ಅನ್ನೋದೂ ಅದು ಕಮ್ಮಿ ಆಗಿದ್ದಕ್ಕ.

ಕಿತಾಪತಿ ಇರೋದು ಇಲ್ಲೇ. ಉಸಿರು ಬಿಗಿ ಹಿಡದಾಗ ಎದಿ ಒದ್ದಾಡ್ತೈತಲ್ಲ, ಅದು ಆಕ್ಸಿಜನ್ ಮುಗೀತು ಅಂತಲ್ಲ, ಮುಖ್ಯ ಕಾರಣ ಕಾರ್ಬನ್ ಡೈಆಕ್ಸೈಡ್ ಏರಿದ್ದು. ಮೆದುಳಿನ ಬುಡಕ್ಕ ಮೆಡುಲ್ಲಾ ಅಂತ ಐತಿ, ಅಲ್ಲಿನ ಕೆಲವು ಜೀವಕೋಶಕ್ಕ ಇದ ಕೆಲಸ. ಈ ಗ್ಯಾಸ್ ರಕ್ತದಿಂದ ಮೆದುಳಿನ ನೀರಿಗೆ ಸಲೀಸಾಗಿ ದಾಟ್ತೈತಿ, ನೀರಿನ್ಯಾಗ ಕೂಡಿ ಆಸಿಡ್ ಆಗ್ತೈತಿ, ಆ ನೀರಿನ್ಯಾಗ ಪ್ರೋಟೀನ್ ಭಾಳ ಕಮ್ಮಿ ಇರೋದಕ್ಕ ಹುಳಿ ಮುಚ್ಚಿಹೋಗಂಗಿಲ್ಲ, ಚೂರು ಏರಿದ್ರೂ ಅವಕ್ಕ ಗೊತ್ತಾಗಿಬಿಡ್ತೈತಿ. ರಕ್ತದಾಗ ಇದರ ಒತ್ತಡ ಸಾಮಾನ್ಯ 40 ಮಿಲಿಮೀಟರ್ ಪಾದರಸ, ಅದು ಬರೇ 1 ಏರಿದ್ರ ನಿಮಿಷಕ್ಕ ಸುಮಾರು 2-3 ಲೀಟರ್ ಗಾಳಿ ಹೆಚ್ಚಿಗಿ ಎಳೀತೀವಿ, ಸುಮ್ಮ ಕುಂತಾಗ ಎಳಿಯೋದ 6 ಲೀಟರಿನ ಆಜೂಬಾಜೂ. ಎಷ್ಟು ಸೂಕ್ಷ್ಮ ನೋಡ್ರಿ. ಇದನ್ನ 1905ರಾಗ ಹಾಲ್ಡೇನ್ ಮತ್ತ ಪ್ರೀಸ್ಟ್ಲಿ ಅನ್ನೋರು ತೋರಿಸಿಕೊಟ್ರು.

ಹಂಗಾರ ಆಕ್ಸಿಜನ್ ನೋಡಾವ್ರು ಯಾರೂ ಇಲ್ಲೇನು? ಅದಾರ. ದವಡಿ ಕೆಳಗ ಕುತ್ತಿಗ್ಯಾಗ ನಾಡಿ ಬಡೀತೈತಲ್ಲ, ಅಲ್ಲಿ ರಕ್ತನಾಳ ಎರಡು ಕವಲು ಒಡಿಯೋ ಜಾಗದಾಗ ಎಡಕ್ಕೊಂದು ಬಲಕ್ಕೊಂದು ಕ್ಯಾರೊಟಿಡ್ ಬಾಡಿ ಐತಿ, ಅಕ್ಕಿ ಕಾಳಿನಷ್ಟ, ನಮ್ಮ ಕಡೆ ಲೆಕ್ಕಕ್ಕ ಜ್ವಾಳದ ಕಾಳು ಅಂತ ಇಟಗೊಳ್ರಿ. ಇಷ್ಟ ಸಣ್ಣದಕ್ಕ ತೂಕದ ಲೆಕ್ಕದಾಗ ಮೆದುಳಿಗಿಂತ ಎಷ್ಟೋ ಪಟ್ಟು ಜಾಸ್ತಿ ರಕ್ತ ಹರೀತೈತಿ. ಆಕ್ಸಿಜನ್ ಇಳದ್ರ ಅದರ ಜೀವಕೋಶದಾಗಿನ ಪೊಟ್ಯಾಸಿಯಂ ಬಾಗಿಲು ಮುಚ್ಚಿ, ಕ್ಯಾಲ್ಸಿಯಂ ಒಳಗ ನುಗ್ಗಿ, ನರದ ಮ್ಯಾಲೆ ಮೆದುಳಿಗೆ ಸುದ್ದಿ ಹೋಗ್ತೈತಿ. ಈ ಕೆಲಸಕ್ಕ ಬೆಲ್ಜಿಯಂನ ಹೇಮನ್ಸ್‌ಗೆ 1938ರ ನೊಬೆಲ್ ಬಂತು, ಆದ್ರ ಅದಕ್ಕಿಂತ ಮೊದಲ ಸೂಕ್ಷ್ಮದರ್ಶಕದಾಗ ಇಣುಕಿ ಇದು ರಕ್ತದ ರುಚಿ ನೋಡೋ ಅಂಗ ಇರಬಹುದು ಅಂದಿದ್ದು ಸ್ಪೇನ್‌ನ ದೆ ಕಾಸ್ಟ್ರೋ, ಅವಂಗ ಏನೂ ಸಿಗಲಿಲ್ಲ, ಅನ್ಯಾಯ ಅನಸ್ತೈತಿ ನನಗ. (ಕಿಡ್ನಿನೂ ಆಕ್ಸಿಜನ್ ಅಳೀತೈತಿ, ಆದ್ರ ಅದು ಕೆಂಪು ರಕ್ತಕಣ ಹೆಚ್ಚು ಮಾಡ್ಸಾಕ, ದಿನಗಟ್ಟಲೆ ಲೆಕ್ಕ, ಬಾವ್ಯಾಗ ಉಪಯೋಗಕ್ಕ ಬರಂಗಿಲ್ಲ.)

ಆದ್ರ ಈ ಜ್ವಾಳದ ಕಾಳು ಸ್ವಲ್ಪ ಆಲಸಿ. ರಕ್ತದಾಗ ಆಕ್ಸಿಜನ್ ಒತ್ತಡ ಮಾಮೂಲಿ 80ರಿಂದ 100 ಮಿಲಿಮೀಟರ್ ಪಾದರಸ, ಅದು ಸುಮಾರು 60ಕ್ಕ ಇಳಿಯೋತನಕ ಜೋರಾಗಿ ಕೂಗಂಗಿಲ್ಲ, ಕಾರ್ಬನ್ ಡೈಆಕ್ಸೈಡ್ ಕಮ್ಮಿ ಇದ್ರಂತೂ ಆ ಕೂಗೂ ಮೆತ್ತಗಾಗ್ತೈತಿ. ಕೊರೊನಾದಾಗ ಆಕ್ಸಿಮೀಟರ್ 85 ಪರ್ಸೆಂಟ್ ತೋರಸ್ತಿದ್ರೂ ಕೆಲವರು ಆರಾಮ ಫೋನಿನ್ಯಾಗ ಮಾತಾಡ್ಕೋತ ಕುಂತಿದ್ದಕ್ಕ ಇದೂ ಒಂದು ಕಾರಣ.

ಈಗ ನಿಮ್ಮ ಮಗನ್ನ ನೋಡ್ರಿ. ಕಾರ್ಬನ್ ಡೈಆಕ್ಸೈಡ್ ಒತ್ತಡ 40 ಇದ್ದಿದ್ದನ್ನ ದಬದಬ ಊದಿ 25ಕ್ಕೋ ಏನೋ ಇಳಿಸ್ಯಾನ, ಅದು ತಿರುಗಿ ಏರಿ ಎದಿ ಒದ್ದಾಡೋತನಕ ಅವಂಗ ಏನೂ ಅನಸಂಗಿಲ್ಲ, ಅಷ್ಟರಾಗ ಕೈಕಾಲು ಬಡದು ಆಕ್ಸಿಜನ್ ಖರ್ಚಾಗ್ತಾ ಹೋಗ್ತೈತಿ. ಕೆಳಗ ಇದ್ದಾಗ ನೀರಿನ ಒತ್ತಡಕ್ಕ ಪುಪ್ಪುಸದಾಗಿನ ಆಕ್ಸಿಜನ್ ರಕ್ತಕ್ಕ ಒತ್ತತಿರ್ತೈತಿ, ಮ್ಯಾಲೆ ಬರೋವಾಗ ಆ ಒತ್ತಡ ಕಮ್ಮಿ ಆಗಿ ಆಕ್ಸಿಜನ್ ಧಡಕ್ಕನ ಇಳೀತೈತಿ, ಅದಕ್ಕ ಎಚ್ಚರ ತಪ್ಪೋದು ಹೆಚ್ಚಾಗಿ ಇನ್ನೇನು ತಲಿ ಹೊರಗ ಬರಬೇಕು ಅನ್ನೋವಾಗ. ಕೂಗಿಲ್ಲ, ಕೈ ಬಡಿಯೋದಿಲ್ಲ, ದಂಡಿ ಮ್ಯಾಲೆ ಕುಂತ ಗೆಳ್ಯಾರು ಇವ್ನ ಆಟ ಆಡ್ತಾನ ಅನ್ಕೊಂಡಿರ್ತಾರ.

ಹಗೇವು ಗೊತ್ತಲ್ಲ, ನೆಲದಾಗ ಜ್ವಾಳ ಇಡೋದು, ಅಲ್ಲಿ ಕಥಿ ಉಲ್ಟಾ. ಕಾಳು, ಹುಳ, ಬೂಸ್ಟು ಎಲ್ಲಾ ಉಸಿರಾಡಿ ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಟ್ಟಿರ್ತಾವು, ಇಳಿದಾವ್ನಿಗೆ ಅಲಾರಂ ಹೊಡಿತೈತಿ, ಆದ್ರ ಅಲಾರಂ ಅಂದ್ರ ಜೋರಾಗಿ ಉಸಿರು ಎಳಿ ಅಂತ, ಎಳಿದಷ್ಟೂ ಅದ ಕೆಟ್ಟ ಗಾಳಿ, ಹಗ್ಗ ಹಿಡ್ಯಾಕೂ ಪುರಸೊತ್ತು ಸಿಗಂಗಿಲ್ಲ. ಹಿರ್ಯಾರು ಬಾಯಿ ತೆರದು ಭಾಳ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡ್ತಿದ್ದದ್ದು ಇದಕ್ಕ, ದೀಪ ಆರಿದ್ರ ಯಾರೂ ಇಳಿಯೋದು ಬ್ಯಾಡ ಅಂತ. ದೀಪ ಉರೀತು ಅಂದಕೂಡ್ಲೆ ಸೇಫ್ ಅಂತನೂ ತಿಳ್ಕೋಬ್ಯಾಡ್ರಿ.

ಮಗ ಈಸಲಿ, ಬ್ಯಾಡ ಅನ್ನಬ್ಯಾಡ್ರಿ. ಮಾಮೂಲಿ ಒಂದು ಉಸಿರು ತಗೊಂಡು ಮುಳುಗಲಿ, ಎದಿ ಒದ್ದಾಡಾಕ ಶುರು ಆತಂದ್ರ ಕಲ್ಲು ಸಿಗಲಿ ಬಿಡಲಿ ಮ್ಯಾಲೆ ಬರಲಿ, ಈಸು ಬರೋ ದೊಡ್ಡವರು ಒಬ್ರು ಮೆಟ್ಟಲ ಮ್ಯಾಲೆ ಮೊಬೈಲ್ ಕಿಸೆದಾಗಿಟ್ಟು ಕುಂತಿರಲಿ.